ಮುಯ್ಯಿ ಕವರಿನ ಗಣಿತ

ಎಪ್ಪತ್ತರ ದಶಕದ ಗಾಂಧಿ ಬಜಾರಿನಲ್ಲಿ ಬಾಳೆಹಣ್ಣು ಡಜನ್ ಲೆಕ್ಕ. ಈಗ ಕಿಲೋ. ಹನ್ನೆರಡು ಹಣ್ಣನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಮಂದಿಗೆ ಮುರಿಯದೆ ಹಂಚಬಹುದು. ಹತ್ತಾದರೆ ಇಬ್ಬರಿಗೆ, ಇಲ್ಲವೇ ಐವರಿಗೆ. ಮೇಷ್ಟ್ರು ಬೋರ್ಡಿನ ಮೇಲೆ ‘ಅಪವರ್ತನ’ ಎಂದು ಬರೆಯುವ ಹೊತ್ತಿಗೆ ವಿಷಯ ನಮಗೆ ಗೊತ್ತೇ ಇತ್ತು, ಹೆಸರು ಗೊತ್ತಿರಲಿಲ್ಲ.

ಮನೆಯ ಹಿರಿಯರ ತಲೆಯಲ್ಲಿ ಇನ್ನೂ ಆಣೆ ಓಡುತ್ತಿತ್ತು. 1957ರ ಏಪ್ರಿಲ್ 1ಕ್ಕೇ ನಯಾ ಪೈಸೆ ಬಂದಿದ್ದರೂ ಅಜ್ಜನಿಗೆ 25 ಪೈಸೆ ಕಡೆಯವರೆಗೂ ನಾಲ್ಕಾಣೆಯೇ. ಹಳೆಯ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ, ಒಟ್ಟು 192 ಪೈ. ರೂಪಾಯಿಯನ್ನು ಮೂವರಿಗೆ ಹಂಚಿ ಎಂದರೆ ಅಜ್ಜ ತಟ್ಟನೆ ‘ಐದಾಣೆ ನಾಲ್ಕು ಪೈ’ ಎನ್ನುತ್ತಿದ್ದರು. ನಮ್ಮ ಲೆಕ್ಕದಲ್ಲಿ ತಲೆಗೆ 33 ಪೈಸೆ, ಮೇಲೊಂದು ಪೈಸೆ ಯಾರಿಗೂ ಸೇರದೆ ಉಳಿಯುತ್ತಿತ್ತು. 192ಕ್ಕೆ 14 ಅಪವರ್ತನಗಳು, 100ಕ್ಕೆ ಒಂಬತ್ತೇ. ಹಾಗೆಂದು ಹಳೆಯ ಕಾಲವೇ ವಾಸಿ ಎನ್ನಲಾರೆ. ಆ ಸೊಗಸಿಗಾಗಿ ಹುಡುಗರು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಬೆತ್ತದ ಭಯದಲ್ಲಿ ಉರುಹೊಡೆಯಬೇಕಿತ್ತು. ದಶಮಾಂಶ ಬಂದದ್ದು ಒಳ್ಳೆಯದೇ ಆಯಿತು.

ಇನ್ನು ಅವಿಭಾಜ್ಯ ಸಂಖ್ಯೆ. ಏಳು, ಹದಿಮೂರರ ಕಟ್ಟು ಮಾಡಿ ಯಾರೂ ಏನನ್ನೂ ಮಾರುತ್ತಿರಲಿಲ್ಲ. ಅವು ಬಜಾರಿಗೆ ಕಾಲಿಡುತ್ತಿದ್ದುದು ಮುಯ್ಯಿಯ ನೆಪದಲ್ಲಿ. ಹತ್ತು ಕೊಡಬಾರದು, ಹನ್ನೊಂದು ಕೊಡಬೇಕು, ನೂರಲ್ಲ, ನೂರೊಂದು. ಆಗ ಬಿಳಿ ಕವರಿಗೆ ಅರಿಶಿನ ಸವರಿ ನೋಟಿನ ಜೊತೆ ನಾಣ್ಯ ಹಾಕುತ್ತಿದ್ದೆವು. ಈಗ ಗ್ರಂಧಿಗೆ ಅಂಗಡಿಯಲ್ಲಿ ನಾಣ್ಯ ಅಂಟಿಸಿದ ಕವರೇ ಸಿಗುತ್ತದೆ: ಹೊಳೆಯುವ ಕಾಗದ, ಮೇಲೊಂದು ಗಣಪತಿ, ಮೂಲೆಯಲ್ಲಿ ಗೋಂದಿಗೆ ಕಚ್ಚಿಕೊಂಡ ಒಂದು ರೂಪಾಯಿ. ಕೀಳಲು ಹೋದರೆ ಕಾಗದವೂ ಕಿತ್ತು ಬರುತ್ತದೆ.

ನೂರೊಂದು ಅವಿಭಾಜ್ಯವೇ? ನೂರರವರೆಗೂ ಭಾಗಿಸುತ್ತಾ ಕೂರಬೇಕಿಲ್ಲ. ಎರಡರಿಂದ ಹೋಗದು, ಬೆಸ ಸಂಖ್ಯೆ. ಅಂಕಿ ಕೂಡಿದರೆ ಎರಡು, ಹಾಗಾಗಿ ಮೂರರಿಂದಲೂ ಹೋಗದು. ಕೊನೆಯಲ್ಲಿ ಸೊನ್ನೆಯಾಗಲಿ ಐದಾಗಲಿ ಇಲ್ಲ, ಐದೂ ಇಲ್ಲ. ಏಳ್ ಹದಿನಾಲ್ಕಲಿ ತೊಂಬತ್ತೆಂಟು, ಮೂರು ಮಿಕ್ಕಿತು. ಮುಂದಿನದು ಹನ್ನೊಂದು, ಹನ್ನೊಂದು ಹನ್ನೊಂದಲಿ 121, ನೂರೊಂದನ್ನು ದಾಟಿತು. ಅಲ್ಲಿಗೆ ನಿಲ್ಲಿಸಬಹುದು. ದೊಡ್ಡ ಅಪವರ್ತನವೊಂದು ಇದ್ದರೆ ಅದರ ಜೊತೆಗಾರ ಹತ್ತರೊಳಗೇ ಸಿಕ್ಕಬೇಕಿತ್ತು. ನೂರೊಂದು ಅವಿಭಾಜ್ಯ, ಸಂಶಯವಿಲ್ಲ.

ಒಂದು ಸೇರಿಸಿದ ಮಾತ್ರಕ್ಕೆ ಎಲ್ಲವೂ ಹಾಗಾಗುವುದಿಲ್ಲ. 21ರ ಗುಟ್ಟು ಮಗ್ಗಿ ಬಲ್ಲವರಿಗೆಲ್ಲ ಗೊತ್ತು. 51 ಮುಖ ನೋಡಿದರೆ ಅವಿಭಾಜ್ಯದಂತಿದೆ, ಅದು ಹದಿನೇಳರ ಮೂರರಷ್ಟು. 1001 ಇನ್ನೂ ಠಕ್ಕು: ಏಳು, ಹನ್ನೊಂದು, ಹದಿಮೂರನ್ನು ಗುಣಿಸಿದರೆ ಬರುವುದು ಅದೇ.

ಈಗಿನ ಮಕ್ಕಳು ಇದನ್ನು ಫೋನಿಗೆ ಕೇಳುತ್ತಾರೆ, ಕೇಳಲಿ. ಹೂವಿನವಳ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಫಲಕ ನಿಂತಿದೆ. ಅಂತರ್ಜಾಲದ ಗುಟ್ಟು ಕಾಯುವ ಬೀಗಗಳಲ್ಲೊಂದಾದ ಆರ್‌ಎಸ್‌ಎ, 1977ರದು, ನಿಂತಿರುವುದೇ ಅವಿಭಾಜ್ಯಗಳ ಮೇಲೆ. ಮುನ್ನೂರಕ್ಕೂ ಹೆಚ್ಚು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸಿ ಗುಣಲಬ್ಧವನ್ನು ಬಹಿರಂಗವಾಗಿ ಇಟ್ಟರೂ, ಅದನ್ನು ಮತ್ತೆ ಒಡೆಯುವುದು ಇಂದಿನ ಕಂಪ್ಯೂಟರುಗಳ ಕೈಲಾಗದು. ಶಾಲೆಯಲ್ಲಿ ನಮಗೆ ಎರಡೂ ಒಂದೇ ಕೆಲಸವೆನಿಸಿತ್ತು: ಅವಿಭಾಜ್ಯವೇ ಎಂದು ನೋಡುವುದು, ಅಲ್ಲದಿದ್ದರೆ ಅಪವರ್ತನ ಹುಡುಕುವುದು. ಒಂದೇ ಅಲ್ಲ. ಮೊದಲನೆಯದಕ್ಕೆ ಖಚಿತವೂ ವೇಗವೂ ಆದ ವಿಧಾನ ಇದೆಯೆಂದು 2002ರಲ್ಲಿ ಸಾಧಿಸಿ ತೋರಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತವರ ಇಬ್ಬರು ಶಿಷ್ಯರು, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಎರಡನೆಯದಕ್ಕೆ ಸಾಮಾನ್ಯ ಕಂಪ್ಯೂಟರಿನಲ್ಲಿ ಓಡುವ ಅಂಥ ವಿಧಾನ ಇನ್ನೂ ಯಾರಿಗೂ ಸಿಕ್ಕಿಲ್ಲ.

ಮುಯ್ಯಿಯ ಮೊತ್ತವೂ ಏರಿದೆ. ಮದುವೆಮನೆಗಳಲ್ಲಿ ಈಗ 501 ಸಾಮಾನ್ಯ. ಅಂಕಿ ಕೂಡಿ ನೋಡಿ, ಆರು; ಮೂರರಿಂದ ಸಲೀಸಾಗಿ ಹೋಗುತ್ತದೆ. ಯಾರೂ ಭಾಗ ಮಾಡಲಾಗದ ಮೊತ್ತವನ್ನೇ ಕೊಡಬೇಕೆಂಬ ಹಟವಿದ್ದರೆ 499 ಆದೀತು, ಆದರೆ ಬಾಟಾ ಬೆಲೆಯಂತೆ ಕಾಣುತ್ತದೆ. 503 ಹಾಕಿ.