ಮರೆಸಿಟ್ಟ ಆಯುಧ

ಹಿಂಸೆಯು ಕೈಯಿಂದ ನಡೆಯುವ ಮುನ್ನ ಮನಸ್ಸಿನಲ್ಲಿ ನಡೆದಿರುತ್ತದೆಂಬುದು ಜಿನಧರ್ಮದ ಮೂಲಬೋಧೆ. ಹಾಸನ ಸೀಮೆಯಿಂದ ಹೋಗಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ದಿನಸಿ ಅಂಗಡಿ ನಡೆಸುತ್ತಿರುವ ಶ್ರಾವಕರೊಬ್ಬರಿಗೆ ಇದು ಅನುಭವಕ್ಕೆ ಬಂದಿತು.

ಪಿಸ್ತೂಲನ್ನು ಉಡುಪಿನೊಳಗೆ ಮರೆಸಿಕೊಂಡು ತಿರುಗಲು ಆ ರಾಜ್ಯದಲ್ಲಿ 1996ರಿಂದ ಪರವಾನಗಿ ದೊರೆಯುತ್ತಿದೆ. 2021ರ ಸೆಪ್ಟೆಂಬರಿನಿಂದ 21 ವರ್ಷ ತುಂಬಿದ ಬಹುತೇಕರಿಗೆ ಪರವಾನಗಿಯೂ ಬೇಕಿಲ್ಲ. ನೆರೆಯ ಅಂಗಡಿಯಲ್ಲಿ ದರೋಡೆಯಾದ ಬಳಿಕ ಇವರೂ ಒಂದನ್ನು ಕೊಂಡರು.

ಮೊದಲ ದಿನ ಅದನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಂಗಿ ಎಳೆದುಕೊಂಡು ಹೊರಟಾಗ, ಎದುರಾದವರ ಮುಖಕ್ಕಿಂತ ಮೊದಲು ಕೈಗಳತ್ತ ದೃಷ್ಟಿ ಹರಿಯಿತು. ಸಂಜೆ ವೃದ್ಧ ಗಿರಾಕಿಯೊಬ್ಬನು ಕೋಟಿನೊಳಗೆ ಕೈಯಿಟ್ಟನು. ಇವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅವನು ತೆಗೆದದ್ದು ಬೆಲೆಚೀಟಿ ಓದುವ ಕನ್ನಡಕ!

ಗುಂಡು ಹಾರಲಿಲ್ಲ, ದ್ರವ್ಯಹಿಂಸೆ ಆಗಲಿಲ್ಲ. ಆದರೆ ಭಾವಹಿಂಸೆ ಆಗಿಹೋಗಿತ್ತು. ಗೃಹಸ್ಥನಿಗೆ ವಿರೋಧಿ ಹಿಂಸೆ ಸಂಪೂರ್ಣ ವರ್ಜ್ಯವಲ್ಲ, ನಿಜ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ ಗಂಗರ ಸೇನಾನಿಯೇ. ಆದರೆ ಅಲ್ಲಿ ಎದುರಿಗೆ ವಿರೋಧಿಯಿದ್ದನು. ಇಲ್ಲಿ ಆಯುಧವೇ ವಿರೋಧಿಯನ್ನು ಕಲ್ಪಿಸಿತು. ಸ್ವತ್ತಿನ ಸಂರಕ್ಷಣೆಯಲ್ಲೇ ಮುಳುಗಿದ ಚಿಂತನೆಯನ್ನು ಆಚಾರ್ಯರು ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಒಂದೆಂದು ಎಣಿಸಿದ್ದಾರೆ.

ಆ ರಾತ್ರಿ ಪ್ರತಿಕ್ರಮಣದಲ್ಲಿ ಅವರು ಆ ವೃದ್ಧನಲ್ಲಿ ಮನಸಾ ಕ್ಷಮೆ ಬೇಡಿದರು. ಮರುದಿನದಿಂದ ಪಿಸ್ತೂಲು ಬೀಗ ಹಾಕಿದ ಪೆಟ್ಟಿಗೆಯಲ್ಲೇ ಉಳಿಯಿತು. ಅಂಗಡಿಗೆ ಗಟ್ಟಿ ಬಾಗಿಲೂ ಕ್ಯಾಮೆರಾವೂ ಬಂದವು. ಭಯ ಪೂರ್ಣ ಅಳಿಯಿತೆಂದು ಅವರು ಹೇಳುವುದಿಲ್ಲ. ರಕ್ಷಣೆಗೆಂದು ಯಾವುದನ್ನೇ ಕೈಗೆತ್ತಿಕೊಳ್ಳುವ ಮುನ್ನ, ಅದು ನಮ್ಮ ಪರಿಣಾಮಗಳನ್ನು ಎತ್ತ ಒಯ್ದೀತೆಂದು ಶ್ರಾವಕ ಕುಟುಂಬಗಳು ಆಲೋಚಿಸುವುದು ಒಳಿತು.