ಕೊನೆಯ ಕಲ್ಲು

ಎಂ.ಎ. ಪರೀಕ್ಷೆಯಲ್ಲಿ ಎರಡೇ ಎರಡು ಅಂಕಗಳಿಂದ ನನಗೆ ಸುವರ್ಣಪದಕ ತಪ್ಪಿತು. ಹನ್ನೆರಡು ವರ್ಷಗಳಾದರೂ, ಆ ಅಂಕಗಳನ್ನು ಕಳೆದ ಪರೀಕ್ಷಕ ಮಹಾಶಯರು ಯಾರಿರಬಹುದೆಂದು ಈಗಲೂ ಯೋಚಿಸುವುದುಂಟು. ಅತಿಥಿಗಳ ಮುಂದೆ ನಾನು ಈ ಪ್ರಸಂಗವನ್ನೆತ್ತಿದೊಡನೆ ನನ್ನವಳು ಕಾಫಿಯ ನೆಪದಿಂದ ಒಳಗೆ ಹೋಗಿಬಿಡುತ್ತಾಳೆ.

ಮೊನ್ನೆ ರಾತ್ರಿ ಹಳೆಯ ಒಲಿಂಪಿಕ್ ಪಂದ್ಯವೊಂದರ ಚಿತ್ರವನ್ನು ನೋಡುತ್ತಿದ್ದೆ. ಆಟದ ಹೆಸರು ಕರ್ಲಿಂಗ್. ಸುಮಾರು 20 ಕಿಲೋ ತೂಕದ ಗ್ರಾನೈಟ್ ಗುಂಡುಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಬಿಡುತ್ತಾರೆ. ದೂರದಲ್ಲಿ ಬರೆದ ವೃತ್ತದ ನಡುವೆ ಅದು ನಿಲ್ಲಬೇಕು. ಜೊತೆಗಾರರಿಬ್ಬರು ಕಲ್ಲಿನ ಮುಂದೆ ಓಡುತ್ತ ಮಂಜನ್ನು ಉಜ್ಜುತ್ತಾರೆ. ಉಜ್ಜಿದ ಬಿಸಿಗೆ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರವಾಗಿ ಸಾಗುತ್ತದೆ.

"ಇದೇನ್ರೀ, ಗುಡಿಸುವುದಕ್ಕೂ ಪದಕವೇ? ಹಾಗಾದರೆ ನನಗೆ ಎಷ್ಟು ಬರಬೇಕಾಗಿತ್ತು!" ಎಂದಳು ನನ್ನವಳು.

ನಾನು ನೋಡುತ್ತಿದ್ದುದು ಸ್ವಿಟ್ಜರ್ಲೆಂಡಿನ ಮಿರ್ಯಾಮ್ ಓಟ್ ಎಂಬಾಕೆಯನ್ನು. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯ ಅಂತಿಮ ಪಂದ್ಯದಲ್ಲಿ ಆಕೆಯ ತಂಡ ಬ್ರಿಟನ್ನಿಗೆ 4-3ರಿಂದ ಸೋತಿತು. ಬ್ರಿಟನ್ನಿನ ನಾಯಕಿ ರೋನಾ ಮಾರ್ಟಿನ್ ಬಿಟ್ಟ ಕೊನೆಯ ಕಲ್ಲು ಚಿನ್ನವನ್ನು ಒಯ್ದಿತು. 2006ರಲ್ಲಿ, ಇಟಲಿಯ ಟ್ಯೂರಿನ್‌ನಲ್ಲಿ, ಓಟ್ ತಾನೇ ನಾಯಕಿ. ಹತ್ತು ಸುತ್ತು ಮುಗಿದಾಗ ಎರಡೂ ಕಡೆ ಆರಾರು ಅಂಕ. ಹೆಚ್ಚಿನ ಸುತ್ತಿನಲ್ಲಿ ಸ್ವೀಡನ್ನಿನ ಆನೆಟ್ ನೊರ್ಬೆರ್ಗ್ ತನ್ನ ಕೊನೆಯ ಕಲ್ಲಿನಿಂದ ಎದುರಾಳಿಯ ಎರಡು ಕಲ್ಲುಗಳನ್ನು ಹೊಡೆದಟ್ಟಿದಳು. ಓಟ್‌ಗೆ ಮತ್ತೆ ಬೆಳ್ಳಿ.

ಎರಡು ಸಲವೂ ಕೊನೆಯ ಕಲ್ಲು ಅನ್ಯರ ಕೈಯಲ್ಲಿತ್ತು. ಆ ಗಳಿಗೆಯಲ್ಲಿ ನೋಡುತ್ತ ನಿಲ್ಲುವುದಲ್ಲದೆ ಆಕೆ ಮಾಡಬಹುದಾದುದು ಏನೂ ಉಳಿದಿರಲಿಲ್ಲ.

ಆದರೆ ಆಕೆ ಅಲ್ಲಿಯೇ ನಿಂತುಬಿಡಲಿಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, ಕಂಚೂ ಇಲ್ಲ. ಮತ್ತೆ ಮಂಜಿಗಿಳಿದಳು. 2012ರಲ್ಲಿ, ಕೆನಡಾದ ಲೆತ್‌ಬ್ರಿಜ್‌ನಲ್ಲಿ, ತನ್ನ ನಲವತ್ತನೆಯ ವಯಸ್ಸಿನಲ್ಲಿ, ತಂಡದ ನಾಯಕಿಯಾಗಿ ವಿಶ್ವವಿಜೇತೆಯಾದಳು. ಕಥೆ ಅಲ್ಲಿಗೇ ಸುಖಾಂತವಾಯಿತೆನ್ನೋಣವೆಂದರೆ ಅದೂ ಇಲ್ಲ. 2014ರಲ್ಲಿ ಸೋಚಿಯ ಒಲಿಂಪಿಕ್ಸ್‌ನಲ್ಲಿ ಒಂದೇ ಅಂಕದಿಂದ ಕಂಚು ತಪ್ಪಿತು. ಒಲಿಂಪಿಕ್ ಚಿನ್ನ ಆಕೆಗೆ ಕೊನೆಗೂ ದಕ್ಕಲಿಲ್ಲ.

ಪರದೆ ಕಪ್ಪಾಯಿತು. ನನಗೆ ನಾಚಿಕೆಯಾಯಿತು. ಪರೀಕ್ಷಕರು ಬಿಟ್ಟ ಒಂದು ಕಲ್ಲನ್ನೇ ನೋಡುತ್ತ ನಾನು ಹನ್ನೆರಡು ವರ್ಷ ನಿಂತಿದ್ದೆ. ಪದಕ ಕೊಡದ ವಿಶ್ವವಿದ್ಯಾಲಯಕ್ಕೆ ಪ್ರಬಂಧವನ್ನೇಕೆ ಒಪ್ಪಿಸಬೇಕೆಂಬ ಬಿಗುಮಾನದಿಂದ ಅರ್ಧ ಬರೆದಿಟ್ಟ ಪಿಎಚ್.ಡಿ. ಹಸ್ತಪ್ರತಿ ಅಟ್ಟದ ಮೇಲಿತ್ತು. ಏಣಿ ಹತ್ತಿ ಕಟ್ಟನ್ನು ಇಳಿಸಿದೆ.

ನನ್ನವಳು ಏನನ್ನೂ ಕೇಳಲಿಲ್ಲ. ಹಳೆಯ ಬಟ್ಟೆಯೊಂದನ್ನು ತಂದು, "ಧೂಳು ನಾನು ಒರೆಸಿಕೊಡುತ್ತೇನೆ, ಬರೆಯುವುದು ಮಾತ್ರ ನಿಮ್ಮ ಪಾಲು," ಎಂದಳು.