ಮಾಳಿಗೆಗೆ ಸುಣ್ಣ

ಕಲಬುರಗಿ, ಏಪ್ರಿಲ್ 11

ಕಚೇರಿ ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗೀತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗಳಿಗೂ ಸರ್ಕಾರ ಕೊಡುವ ರಿಯಾಯಿತಿ ಇದು. ಬೆಂಗಳೂರಿನ ಗೆಳತಿಗೆ ಹೊಟ್ಟೆಕಿಚ್ಚು. ಬಿಸಿಲು ನೆತ್ತಿ ಸುಡುವ ಹೊತ್ತಿಗೇ ನಮ್ಮನ್ನು ರಸ್ತೆಗೆ ಬಿಡುತ್ತಾರೆಂದು ಅವಳಿಗೇನು ಗೊತ್ತು! ಒದ್ದೆ ಮಾಡಿ ತಲೆಗೆ ಸುತ್ತಿದ ದುಪಟ್ಟಾ ಮನೆ ಮುಟ್ಟುವಷ್ಟರಲ್ಲಿ ಹಪ್ಪಳ.

ಏಪ್ರಿಲ್ 19

ರಾತ್ರಿ 11. ಗೋಡೆಗೆ ಕೈಯಿಟ್ಟರೆ ಆಗಷ್ಟೇ ರೊಟ್ಟಿ ತೆಗೆದ ಹಂಚು. ಶಹಾಬಾದ್ ಕಲ್ಲಿನ ಮನೆ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಉಗುಳುತ್ತದೆ. ಹಗಲಿಗಿಂತ ನನಗೆ ಇದೇ ಹೆದರಿಕೆ. ಮೈ ತಣಿಯಲು ಪುರುಸೊತ್ತೇ ಇಲ್ಲ. ಕರೆಂಟ್ ಹೋಯಿತು, ಕೂಲರ್ ನಿಂತಿತು. ಕಿಟಕಿಗೆ ಹಸಿ ಸೀರೆ ಕಟ್ಟಿದೆ. ನಮ್ಮದು ಒಣ ಸೆಕೆ, ಒದ್ದೆ ಬಟ್ಟೆ ತಂಪು ಕೊಡುತ್ತದೆ. ಮಂಗಳೂರಿನಲ್ಲಿರುವ ಅಕ್ಕ ಕೂಲರ್ ಕೊಂಡು ಪಶ್ಚಾತ್ತಾಪ ಪಟ್ಟಳು. ಅಲ್ಲಿ ಗಾಳಿಯೇ ಒದ್ದೆ.

ಏಪ್ರಿಲ್ 23

ಬಚ್ಚಲಿನಿಂದ ಬರುತ್ತ ಮಾವ ಬಾಗಿಲು ಹಿಡಿದೇ ಕುಸಿದರು. "ಈ ಬಿಸಲಾಗೇ ಹುಟ್ಟೀನಿ, ನಂಗೇನಾಗ್ತದ ಬಿಡವ್ವ" ಎಂದು ಮತ್ತೆ ಅದೇ ಮಾತು. ಕೆದಕಿದಾಗ ಗೊತ್ತಾಯಿತು: ರಾತ್ರಿ ಏಳುವ ಕಷ್ಟ ತಪ್ಪಲೆಂದು ಮೂರು ದಿನದಿಂದ ನೀರು ಕಡಿಮೆ ಮಾಡಿದ್ದಾರೆ. ಬಿಪಿಗೆಂದು ಕೊಟ್ಟ ನೀರಿನ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದಾರೆ.

ಡಾಕ್ಟರು ಮಾತ್ರೆ ಅರ್ಧಕ್ಕಿಳಿಸಿದರು. ನಾವಾಗಿಯೇ ಏರಿಸಿ ಇಳಿಸಬಾರದಂತೆ. ವಯಸ್ಸಾದವರ ಬಾಯಾರಿಕೆಯನ್ನು ನಂಬಬೇಡಿ, ಮೂತ್ರದ ಬಣ್ಣ ನೋಡಿ ಎಂದರು. ಮೈ ಕೆಂಡವಾಗಿ, ಮಾತು ತೊದಲಿ, ಎಚ್ಚರ ತಪ್ಪುವಂತಿದ್ದರೆ ಬಾಯಿಗೆ ನೀರು ಹಾಕಲೇಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವ ತನಕ ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಕೇಳುತ್ತಾ ನನ್ನ ಎದೆ ಧಸಕ್ಕೆಂದಿತು. ಬೆಳಿಗ್ಗೆ ನಾನು ಮೊದಲು ಓಡಿದ್ದೇ ಕುಡಿಸಲು ಚೊಂಬು ತರಲಿಕ್ಕೆ.

ಏಪ್ರಿಲ್ 28

ಮಾಳಿಗೆಗೆ ಸುಣ್ಣ ಬಳಿಸಿದೆ. ಅಹಮದಾಬಾದಿನಲ್ಲಿ ಸೆಕೆಗೆಂದೇ 2013ರಿಂದ ಯೋಜನೆ ಇದೆ, ಬಡವರ ಮನೆಗಳ ಚಾವಣಿಗೂ ಬಿಳಿ ಬಳಿಯುತ್ತಾರೆ ಎಂದು ಓದಿದ್ದೆ. 10 ಗಂಟೆಗೆ ಕೆಲಸ ನಿಲ್ಲಿಸಿ ಸಂಜೆ 5ಕ್ಕೆ ಬಾರಪ್ಪ ಎಂದರೆ ಸುಣ್ಣ ಬಳಿಯುವಾತ, "ಸಂಜಿಗಿ ಬ್ಯಾರೆ ಕಡಿ ಕೆಲ್ಸ ಅದರೀ" ಎಂದು ಮುಗಿಸಿಯೇ ಇಳಿದ. ಬಿಸಿಲು ಬಡಿಯದಿರಲೆಂದು ಜೇಬಿನಲ್ಲಿ ಉಳ್ಳಾಗಡ್ಡಿ! ಅದರಿಂದ ಏನೂ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ನೆರಳು ಕೊಡಲಾಗದ ನಾನು ಬುದ್ಧಿ ಹೇಳುವುದು ಯಾವ ಬಾಯಿಂದ? ಎರಡು ಚೊಂಬು ಮಜ್ಜಿಗೆ ಕೊಟ್ಟೆ.

ಮೇ 3

ರಾತ್ರಿ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಲ್ಲಬಹುದು ಈಗ. ಕೋಣೆ ತಂಪೇನಲ್ಲ, ಆದರೂ ನಿದ್ದೆ ಹತ್ತುವಷ್ಟಿದೆ.

ಮಾವನಿಗೆ ಒಂದು ಕೆಲಸ ಹಚ್ಚಿದ್ದೇನೆ: ಒಂದು ಚೊಂಬು ನೀರು ಕುಡಿದರೆ ಕ್ಯಾಲೆಂಡರಿನ ಮೇಲೆ ಒಂದು ಗೀಟು. ಇವತ್ತು ಮನೆಗೆ ಬಂದು ನೋಡಿದರೆ ನಾಲ್ಕು ಗೀಟು, ಒಂದೇ ಉಸಿರಿಗೆ ಎಳೆದ ಹಾಗೆ ಸಾಲಾಗಿ. ನೀರಿನ ರಂಜಣಗಿ ಮಾತ್ರ ಬೆಳಿಗ್ಗೆ ನಾನು ತುಂಬಿಟ್ಟಷ್ಟೇ ಇತ್ತು.